ತೂತಿನ ಭವಿಷ್ಯ

ಕಾರ್ಬನ್ ಫೈಬರ್ ಪಟ್ಟಿಗೆ ತೂತು ಕೊರೆದು, ಎರಡೂ ತುದಿ ಹಿಡಿದು ಎಳೆದರೆ ಎಷ್ಟು ಭಾರಕ್ಕೆ ಹರಿಯುತ್ತದೆ? ವಿಮಾನದ ರೆಕ್ಕೆಗೆ ಬೋಲ್ಟ್ ಹಾಕುವವರಿಗೆ ಇದು ಜೀವನ್ಮರಣದ ಪ್ರಶ್ನೆ. ಎಂ.ಟೆಕ್ ಓದುತ್ತಿದ್ದ ನನಗೆ ಮಸಾಲೆ ದೋಸೆಯ ಪ್ರಶ್ನೆ.

"1898ರಲ್ಲೇ ಕಿರ್ಷ್ ಲೆಕ್ಕ ಹಾಕಿಟ್ಟಿದ್ದಾನೆ ಸಾರ್. ದುಂಡು ತೂತಿನ ಅಂಚಿನಲ್ಲಿ ಒತ್ತಡ ಮೂರು ಪಟ್ಟು. ನಮ್ಮ ಪಟ್ಟಿಯಲ್ಲಿ ಎಳೆಗಳು ಎಲ್ಲ ದಿಕ್ಕಿಗೂ ಸಮನಾಗಿವೆ. ಹಾಗಾಗಿ ತೂತಿಲ್ಲದ ಪಟ್ಟಿ ತಡೆಯುವುದರ ಮೂರನೇ ಒಂದು ಪಾಲು ಭಾರಕ್ಕೇ ಢಮಾರ್!" ಎಂದೆ. ಇಂಥವನ್ನು ಮುರಿಯುತ್ತಲೇ ತಲೆ ನರೆತಿದ್ದ ಟೆಕ್ನಿಷಿಯನ್, "ದೋಸೆ ಪಂದ್ಯ ಏನ್ರೀ?" ಅಂದರು, ಅಷ್ಟೆ.

36 ಮಿ.ಮೀ. ಅಗಲದ ಪಟ್ಟಿ, 6 ಮಿ.ಮೀ. ತೂತು. ಮೂರನೇ ಒಂದು ಪಾಲು ಬಂದಾಗ ಕಿವಿ ಮುಚ್ಚಿ ಕುಕ್ಕರಿಸಿದೆ. ಏನೂ ಆಗಲಿಲ್ಲ. ಆಮೇಲೆ ಟಿಕ್ ಟಿಕ್ ಶುರುವಾಯಿತು. ಪ್ರತಿ ಟಿಕ್ಕಿಗೂ ನಾನು "ಹೋಯ್ತು!" ಎನ್ನುವುದು, ಅವರು ಪೇಪರಿನ ಪುಟ ತಿರುವುವುದು. ಅರ್ಧ ದಾಟಿದ ಮೇಲೆ, ನಾನು ಕಿವಿಯಿಂದ ಕೈ ತೆಗೆದ ಗಳಿಗೆಯಲ್ಲೇ, ಢಮಾರ್. ಮುರುಕಲನ್ನು ಆಸೆಯಿಂದ ಸವರಿ ಹೆಬ್ಬೆರಳಿಗೆ ಸಿಬಿರು ಹೊಕ್ಕಿಸಿಕೊಂಡೆ.

ಆಗಿದ್ದಿಷ್ಟು. ಆ ಟಿಕ್ ಟಿಕ್ ಎಂದರೆ ಎಳೆಗಳನ್ನು ಹಿಡಿದಿಟ್ಟ ಅಂಟು, ಅಂದರೆ ರೆಸಿನ್, ಸೀಳಿ, ಪದರ ಬಿಟ್ಟುಕೊಳ್ಳುವ ಸದ್ದು. ಹಾಗೆ ಸೀಳಿದಾಗ ಅಂಚಿನ ಹೊರೆ ಪಕ್ಕದ ಎಳೆಗಳಿಗೆ ಹಂಚಿಹೋಗುತ್ತದೆ. ಅದಕ್ಕೇ 1974ರಲ್ಲಿ ವಿಟ್ನಿ ಮತ್ತು ನ್ಯೂಸ್ಮರ್, ಅಂಚನ್ನು ಬಿಟ್ಟು ಸುಮಾರು 1 ಮಿ.ಮೀ. ಒಳಗಿನ ಒತ್ತಡ ನೋಡಿ ಎಂದರು. ಆ ಲೆಕ್ಕಕ್ಕೆ 6 ಮಿ.ಮೀ. ತೂತಿದ್ದರೂ ಶೇ. 57ರಷ್ಟು ಬಲ ಉಳಿಯುತ್ತದೆ, 12 ಮಿ.ಮೀ. ಆದರೆ ಶೇ. 46. ಕಿರ್ಷನ 'ಮೂರು ಪಟ್ಟು' ಲೆಕ್ಕಕ್ಕೋ, ತೂತಿನ ಗಾತ್ರದ ಗೊಡವೆಯೇ ಇಲ್ಲ. ಇರಲಿ, ಆ 1 ಮಿ.ಮೀ. ಸಿಕ್ಕಿದ್ದು ಹೇಗೆ? ಪಟ್ಟಿಗಳನ್ನು ಮುರಿದು! ಕೂಸು ಹುಟ್ಟಿದ ಮೇಲೆ ಗಂಡೋ ಹೆಣ್ಣೋ ಹೇಳುವ ಜ್ಯೋತಿಷ್ಯ.

ಹೊಸ ವಿದ್ಯೆ ಕೈಗೆ ಬಂದದ್ದೇ 12 ಮಿ.ಮೀ. ತೂತಿಗೆ ಮತ್ತೆ ಪಂದ್ಯ ಕಟ್ಟಿದೆ. ಶೇ. 46 ಅಂದೆ. ಶೇ. 40ಕ್ಕೇ ಹೋಯಿತು. 36ರಲ್ಲಿ 12 ತೂತಿಗೇ ಹೋದರೆ ಅಕ್ಕಪಕ್ಕ ಉಳಿಯುವುದೆಷ್ಟು ಎಂಬ ಒಂದನೇ ಕ್ಲಾಸಿನ ಕಳೆಯುವ ಲೆಕ್ಕವನ್ನು ಈ ಎಂ.ಟೆಕ್ ಮರೆತಿತ್ತು. ಸೂತ್ರವೆಲ್ಲ ಅಪಾರ ಅಗಲದ ಹಲಗೆಗೆ. ನನ್ನಲ್ಲಿ ಅಪಾರವಾಗಿದ್ದದ್ದು ಧೈರ್ಯ ಮಾತ್ರ.

ಸಮಾಧಾನಕ್ಕೊಂದು ಸುದ್ದಿ: 'ವರ್ಲ್ಡ್‌ವೈಡ್ ಫೇಲ್ಯೂರ್ ಎಕ್ಸರ್‌ಸೈಸ್' ಎಂದು ಜಗತ್ತಿನ ಪಂಡಿತರು ಇಂಥ ಕಾಂಪೊಸಿಟ್ ಹಲಗೆ ಯಾವಾಗ ಮುರಿಯುತ್ತದೆ ಎಂದು ಹೇಳುವ 19 ಸಿದ್ಧಾಂತಗಳನ್ನು ಒರೆಗೆ ಹಚ್ಚಿ 2004ರಲ್ಲಿ ತೀರ್ಪು ಕೊಟ್ಟರು. ಒಬ್ಬೊಬ್ಬರದು ಒಂದೊಂದು ಉತ್ತರ. ಅದೂ ತೂತೇ ಇಲ್ಲದ ಹಲಗೆಗೆ!

ನಿಮ್ಮ ಮನೆಯ ಹುಡುಗರು ಕಾಂಪೊಸಿಟ್ ಓದಲು ಹೊರಟರೆ ದಯವಿಟ್ಟು ಹೇಳಿ: ಮೊದಲು ಎರಡು ಪಟ್ಟಿ ಮುರಿಯಲಿ, ಆಮೇಲೆ ಬಾಯಿ ಬಿಡಲಿ. ಕೈಗೆ ಗ್ಲೌಸ್ ಇರಲಿ.