ಹಾಳಿ ಕಾಕಾ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಎಲ್ಲಿಯ ಪೆಟ್ರೋಲ್ ಪಂಪಿಗೆ ಹೋದರೂ ಒಬ್ಬ ಹಾಳಿ ಕಾಕಾ ಸಿಕ್ಕೇ ಸಿಗುತ್ತಾರೆ. ನಮ್ಮವರ ಗುರುತು: ತಲೆಗೆ ಬಿಳಿ ಟೋಪಿ, ಕಿಸೆಯಲ್ಲಿ ಎಲೆ-ಅಡಿಕೆ ಚಂಚಿಯ ಪಕ್ಕ ಮಡಚಿಟ್ಟ ಫಿಲ್ಟರ್ ಪೇಪರ್. ಕಾಗದಕ್ಕೆ ನಮ್ಮ ಕಡೆ ಹಾಳಿ ಅನ್ನುತ್ತೇವಲ್ಲ, ಹೆಸರು ಹಾಗೆ ಬಂತು. ಬೆನ್ನ ಹಿಂದೆ ಗಾಡಿಗಳು ಹಾರ್ನ್ ಹೊಡೆಯುತ್ತಿದ್ದರೂ ಪೈಪು ಹಿಡಿದ ಹುಡುಗನಿಗೆ ಕೈ ಅಡ್ಡ ಮಾಡುತ್ತಾರೆ. "ತಡಿ ತಮ್ಮಾ, ಮೊದಲ ಒಂದ ಹನಿ ಇದರ ಮ್ಯಾಲ ಬಿಡು."

ಕೇಳುವ ಹಕ್ಕು ಗಿರಾಕಿಗೆ ಇದೆ, ಅದನ್ನು ಒಪ್ಪಬೇಕು. ಶುದ್ಧ ಪೆಟ್ರೋಲಿನ ಹನಿ ಎರಡು ನಿಮಿಷದಲ್ಲಿ ಆರಿಹೋಗುತ್ತದೆ. ಚಿಮಣಿ ಎಣ್ಣೆ ಬೆರೆತಿದ್ದರೆ ಕಲೆ ಉಳಿಯುತ್ತದೆ. ಕಾಕಾ ಸುಟ್ಟುಕೊಂಡವರು. ಲೂನಾ ಓಡಿಸುತ್ತಿದ್ದ ಕಾಲದಲ್ಲಿ ರೇಷನ್ ಅಂಗಡಿಯ ನೀಲಿ ಎಣ್ಣೆ ಎಲ್ಲೆಲ್ಲಿಗೋ ಹರಿದು ಅವರ ಟಾಕಿಗೂ ಬಂದಿತ್ತು. ಪ್ಲಗ್ಗು ಇದ್ದಿಲಾಯಿತು, ಹೊಗೆಗೆ ಹಿಂದಿನ ಸೈಕಲ್ಲಿನವರು ಬೈದರು. ಅಂದಿನಿಂದ ಕಾಕಾ 5 ಲೀಟರಿನ ಮುದ್ರೆ ಹೊಡೆದ ಅಳತೆ ಕೇಳುತ್ತಾರೆ, 25 ಮಿಲಿಗಿಂತ ಹೆಚ್ಚು ಕಡಿಮೆ ಬಂದರೆ ಪಂಚಾಯಿತಿ ಸೇರಿಸುತ್ತಾರೆ. ಕೊನೆಗೆ ಮೂಗು ಚಾಚಿ ಮೂಸುತ್ತಾರೆ. "ಮುಧೋಳ ನಾಯಿ ಇದ್ದಂಗ ನಾ, ವಾಸನಿಗೆ ಹಿಡೀತೀನಿ!" ಮುಧೋಳ ನಾಯಿ ಬೇಟೆ ಹಿಡಿಯುವುದು ಕಣ್ಣಿಂದ, ಮೂಗಿಂದಲ್ಲ. ಮುಧೋಳದವರ ಎದುರಿಗೇ ಹೀಗನ್ನುವ ಧೈರ್ಯ ಅವರಿಗೊಬ್ಬರಿಗೇ.

ಈಗಿನ ಸಿಟ್ಟು ಎಥೆನಾಲ್ ಮೇಲೆ. "ನೂರಕ್ಕ ಇಪ್ಪತ್ತ ಪಾಲು ಸೆರಿ ಬೆರಸ್ತಾರ, ಗಾಡಿ ಆವರೇಜ್ ಎಲ್ಲಿಂದ ಕೊಡತೈತಿ?" ಸ್ವಲ್ಪ ಕಡಿಮೆ ಕೊಡುವುದು ನಿಜವೇ: ಹಳೆಯ ದ್ವಿಚಕ್ರ ವಾಹನಗಳಿಗೆ ನೂರಕ್ಕೆ ಮೂರು-ನಾಲ್ಕರಷ್ಟು ಪೆಟ್ಟು ಎಂದು ನೀತಿ ಆಯೋಗದ 2021ರ ವರದಿಯೇ ಹೇಳಿದೆ. ಜೊತೆಗೆ ಎಥೆನಾಲಿಗೆ ನೀರೆಂದರೆ ಪ್ರಾಣ. ಟಾಕಿಗೆ ನೀರಿಳಿದರೆ ಅಪ್ಪಿಕೊಳ್ಳುತ್ತದೆ, ಮಿತಿ ಮೀರಿದರೆ ಎರಡೂ ಪೆಟ್ರೋಲನ್ನು ಬಿಟ್ಟು ತಳ ಸೇರುತ್ತವೆ. ಇಷ್ಟೆಲ್ಲ ಸರಿ. ಆದರೆ ಕಾಕಾನ ಎಂಟೆಕರೆ ಕಬ್ಬು ಹೋಗುವುದು ಎಥೆನಾಲ್ ಇಳಿಸುವ ಕಾರ್ಖಾನೆಗೇ. 2025ರ ನವೆಂಬರಿನಲ್ಲಿ ಟನ್ನಿಗೆ 3,500 ಕೊಡಿ ಎಂದು ರೈತರು ರಸ್ತೆಗಿಳಿದಾಗ ಕಾಕಾ ಮುಂದೆಯೇ ಕೂತಿದ್ದರು: "ಎಥೆನಾಲ್ ಮಾರಿ ರೊಕ್ಕಾ ಗಳಸ್ತೀರಿ, ನಮಗ್ಯಾಕ ಕೊಡೂದಿಲ್ಲ?" ಸಂಜೆ ಅದೇ ಬಾಯಲ್ಲಿ ಪಂಪಿನ ಹುಡುಗನಿಗೆ, "ಎಥೆನಾಲ್ ಇಲ್ಲದ್ದ ಹಾಕಪಾ."

ಡೀಸೆಲ್ ವಿಷಯದಲ್ಲಂತೂ ಅವರು ಸೋತದ್ದೇ ಇಲ್ಲ. ಡೀಸೆಲ್ ಆರುವ ಜಾತಿಯದಲ್ಲ. ಎಷ್ಟೇ ಶುದ್ಧವಿರಲಿ ಹಾಳಿಯ ಮೇಲೆ ಕಲೆ ಬಿಟ್ಟೇ ಬಿಡುತ್ತದೆ. ಹುಡುಗರು ಹೇಳಿ ಹೇಳಿ ಸಾಕಾಗಿದ್ದಾರೆ. ಕಾಕಾ ಪ್ರತಿ ಸಲ ಹಾಳಿ ಎತ್ತಿ ಹಿಡಿದು "ನೋಡ್ರೆಪಾ, ಕಲಬೆರಕಿ!" ಎಂದು ಸಾರಿ, ಆಮೇಲೆ ಅದೇ ಡೀಸೆಲನ್ನು ಕ್ಯಾನು ತುಂಬ ಒಯ್ಯುತ್ತಾರೆ.

ಈ ಹಂಗಾಮಿನಲ್ಲಿ ಅವರ ಟ್ರ್ಯಾಕ್ಟರು ಎರಡು ಟ್ರೇಲರ್ ಕಬ್ಬು ಜಗ್ಗುತ್ತ ಮಹಾಲಿಂಗಪುರದ ಹತ್ತಿರ ಕೆಮ್ಮಿತು, ಬಿಕ್ಕಿತು, ನಿಂತಿತು. ಟ್ರ್ಯಾಕ್ಟರಿನ ಸ್ಪೀಕರಿನ ಹಾಡು ಮಾತ್ರ ನಿಲ್ಲಲಿಲ್ಲ. ಮಿಸ್ತ್ರಿ ಬಂದು ಫಿಲ್ಟರಿನ ಬುಡದ ಸ್ಕ್ರೂ ಸಡಿಲಿಸಿ ಸೋಡಾ ಬಾಟ್ಲಿ ಹಿಡಿದ. ಕೆಳಗೆ ನಾಲ್ಕು ಬೆರಳು ನೀರು, ಮೇಲೆ ಡೀಸೆಲ್.

"ನೀರ ಭಾರ ರೀ ಕಾಕಾ, ತಳಕ್ಕ ಕುಂದರತೈತಿ. ಇಂಜಿನ್ನೂ ತಳದಿಂದನ ಜಗ್ಗತೈತಿ. ನೊಜಲ್ ತುಕ್ಕ ಹಿಡದಿರಬೇಕು."

"ನಾ ಹೇಳಿರಲಿಲ್ಲಾ? ಆ ಪಂಪಿನಾಂವ..."

ಮಿಸ್ತ್ರಿ ಟಾಕಿಯ ಕಡೆ ನೋಡಿದ. ಮುಚ್ಚಳ ಕಳೆದು ಒಂದು ಮಳೆಗಾಲ ದಾಟಿತ್ತು. ಗೊಬ್ಬರದ ಚೀಲದ ತುಂಡಿಗೆ ಸುತಳಿ ಬಿಗಿದಿತ್ತು.

"ಕ್ಯಾನರ ಒಣಾ ಇತ್ತೇನ್ರಿ?"

"ಒಣಾ ಯಾಕ? ಸ್ವಚ್ಛ ಇರಲಿ ಅಂತ ಆವತ್ತ ಮುಂಜಾನೇನ ತೊಳಕೊಂಡ ಹೋಗೀನಿ!"

ಮಿಸ್ತ್ರಿ ಏನೂ ಅನ್ನಲಿಲ್ಲ, ಪಾನಾ ಒರೆಸಿಕೊಂಡ. ಕಾಕಾ ಬಗ್ಗಿ, ಸ್ಕ್ರೂದಿಂದ ಇನ್ನೂ ತೊಟ್ಟಿಕ್ಕುತ್ತಿದ್ದ ಹನಿಗೆ ತಮ್ಮ ಹಾಳಿ ಒಡ್ಡಿದರು. ಬಿಸಿಲಿಗೆ ಹಿಡಿದು ಕಾದರು. ಹನಿ ಆರಿತು. ಹಾಳಿ ಬೆಳ್ಳಗೇ ಇತ್ತು.

"ಕಲಿನ ಇಲ್ಲ ನೋಡಪಾ," ಎಂದರು ಕಾಕಾ, ಹಾಳಿಯನ್ನು ಮಿಸ್ತ್ರಿಯ ಮುಖಕ್ಕೆ ಹಿಡಿದು. "ಇಷ್ಟ ವರ್ಷದಾಗ ಇದೊಂದ ಪಾಸಾತು."