‘ಬರೆದವರು ಯಾರೆಂದು ನನ್ನನ್ನು ಕೇಳಿ’

ಕೊಚ್ಚಿಯ ಎಡಪ್ಪಳ್ಳಿ ಎಂದರೆ ಹೆಚ್ಚಿನವರಿಗೆ ಲುಲು ಮಾಲ್, ಸಂತ ಜಾರ್ಜರ ಚರ್ಚು ಮತ್ತು ಅಲ್ಲಿ ಸಿಕ್ಕಿಹಾಕಿಕೊಂಡ ಬಸ್ಸು. ಕೇರಳದ ಮಾಷ್ಟ್ರುಗಳಿಗೆ ಮಾತ್ರ ಅದು ಶಾಲೆಗಳ ಐಟಿ ಕೆಲಸ ನೋಡುವ ‘ಕೈಟ್’ ಸಂಸ್ಥೆಯ ಪ್ರಾದೇಶಿಕ ಕೇಂದ್ರ. 2001ರಲ್ಲಿ ‘ಐಟಿ ಅಟ್ ಸ್ಕೂಲ್’ ಎಂದು ಹುಟ್ಟಿ, 2017ರಲ್ಲಿ ಸರ್ಕಾರಿ ಕಂಪನಿಯಾದ ಈ ಸಂಸ್ಥೆಯ ಮುಖ್ಯ ಕಚೇರಿ ಇರುವುದು ತಿರುವನಂತಪುರದ ಪೂಜಪ್ಪುರದಲ್ಲಿ. 2009ರಲ್ಲಿ ಶುರುವಾದ ಅದರ ‘ಸ್ಕೂಲ್ ವಿಕಿ’ಯಲ್ಲಿ, ಅಂದರೆ ಟೀಚರು-ಮಕ್ಕಳು ಸೇರಿ ತಮ್ಮ ಶಾಲೆಯ ಪುಟ ಬರೆಯಬೇಕಾದ ಜಾಲತಾಣದಲ್ಲಿ, 15 ಸಾವಿರಕ್ಕೂ ಹೆಚ್ಚು ಶಾಲೆಗಳಿವೆ, ಕಾಸರಗೋಡಿನವೂ ಸೇರಿ. ಪ್ರತಿ ಪುಟದ ನೆತ್ತಿಯ ಮೇಲೆ ‘ಇತಿಹಾಸ’ ಎಂಬ ಟ್ಯಾಬ್ ಒಂದಿದೆ. ಯಾರು, ಯಾವಾಗ, ಏನು ತಿದ್ದಿದರು ಎಂಬುದೆಲ್ಲ ಅದಕ್ಕೆ ಗೊತ್ತು. ಎಡಪ್ಪಳ್ಳಿಯ ಲ್ಯಾಬಿನಲ್ಲಿ, ತರಬೇತಿಗೆ ಬಂದವರೆಲ್ಲ ಚಾಯಕ್ಕೆ ಹೋದ ಹೊತ್ತಿನಲ್ಲಿ, ಅದು ಮಾತಿಗೆ ಸಿಕ್ಕಿತು. ಕನ್ನಡ ಕಾಸರಗೋಡಿನವರಿಂದ ಕಲಿತದ್ದಂತೆ.

*ನಿಮ್ಮನ್ನು ಯಾರಾದರೂ ಮಾತಾಡಿಸಿ ಎಷ್ಟು ಕಾಲವಾಯಿತು?*

ಮೊನ್ನೆ ಒಬ್ಬರು ಒತ್ತಿದರು. ಬೆರಳು ಜಾರಿತ್ತು. ‘ತಿದ್ದು’ ಗುಂಡಿ ನನ್ನ ಪಕ್ಕದ ಮನೆ ನೋಡಿ, ಅಲ್ಲಿಗೆ ಹೊರಟವರು.

*ನಿಮ್ಮ ಕೆಲಸವೇನು?*

ಶ್ಯಾನುಭೋಗಿಕೆ. ಲಂಚ ಮಾತ್ರ ಇಲ್ಲ. ಬರೆದರೆ ಹಸಿರು ಅಂಕೆ, ಅಳಿಸಿದರೆ ಕೆಂಪು ಅಂಕೆ, ಪಕ್ಕದಲ್ಲಿ ಗಂಟೆ-ನಿಮಿಷ. ಕನ್ನಡದವರಿಗೆ ಇದರಲ್ಲಿ ಒಂದು ಲಾಭವಿದೆ. ಇಂಗ್ಲಿಷಿನ ಒಂದಕ್ಷರ ನನ್ನ ಲೆಕ್ಕದಲ್ಲಿ ಒಂದು ಬೈಟ್. ಕನ್ನಡದ ‘ಕ’ ಮೂರು, ‘ಕ್ಷ’ ಒಂಬತ್ತು. ಯಾರಾದರೂ ‘ಲಕ್ಷ್ಮಿ’ ಎಂದು ಬರೆದರೆ ಇಪ್ಪತ್ತೊಂದು! ದೂರದಿಂದ ನೋಡಿದವರಿಗೆ ಭಾರೀ ಕೆಲಸ ನಡೆದಂತೆ ಕಾಣುತ್ತದೆ.

*ಹಾಗಾದರೆ ಯಾವ ಮಗು ಎಷ್ಟು ಬರೆಯಿತೆಂದು ಹೇಳಬಲ್ಲಿರಿ.*

ಹೇಳಬಲ್ಲೆ, ಮಗು ಕಂಡರೆ. ನನಗೆ ಕಾಣುವುದು ನಂಬರು. ಶಾಲೆಗೊಂದು ಕೋಡ್ ಉಂಟಲ್ಲ, ಕಾಸರಗೋಡು ಕಡೆಯದು 11ರಿಂದ ಶುರುವಾಗುವಂಥದ್ದು, ಹೆಚ್ಚಿನ ಕಡೆ ಅದೇ ಲಾಗಿನ್. ಮಧ್ಯಾಹ್ನ ಆ ನಂಬರು ಯಕ್ಷಗಾನದ ಬಗ್ಗೆ ಬರೆಯಿತು. ಸಂಜೆ ಅದೇ ನಂಬರು ಹೊಸ ಅಡುಗೆಕೋಣೆಯ ಫೋಟೊ ಏರಿಸಿತು. ರಾತ್ರಿ ಹನ್ನೊಂದೂವರೆಗೆ ಅದೇ ನಂಬರು ತನ್ನ ತಪ್ಪನ್ನು ತಾನೇ ತಿದ್ದಿಕೊಂಡಿತು. ನೂರಾರು ಮಕ್ಕಳು ಸೇರಿ ಬರೆದರೋ, ಒಬ್ಬರೇ ಟೀಚರು ಮನೆಯಲ್ಲಿ ಮಗುವನ್ನು ಮಲಗಿಸಿ ಬರೆದರೋ? ಗಡಿಯಾರ ನೋಡಿ ನೀವೇ ಊಹಿಸಿ.

*ಮಕ್ಕಳ ಹೆಸರು ಜಾಲದಲ್ಲಿ ಬರುವುದು ಸುರಕ್ಷಿತವಲ್ಲ ಅಲ್ಲವೇ?*

ಅಲ್ಲ, ಒಪ್ಪಿದೆ. ಅಡ್ಡಹೆಸರು ಕೊಡಿ. ಅಡ್ಡಹೆಸರಿಲ್ಲದ ಮಗು ಯಾವ ಶಾಲೆಯಲ್ಲಿ ಉಂಟು ಮಾರಾಯ್ರೆ?

*2020ರಲ್ಲಿ ಮಕ್ಕಳು ತುಂಬ ಬರೆದರಲ್ಲ?*

‘ಅಕ್ಷರವೃಕ್ಷಂ’ ಎಂಬ ಯೋಜನೆ! ಲಾಕ್‌ಡೌನಿನ ದಿನಗಳು. ಪರಿಸರ, ಶುಚಿತ್ವ, ರೋಗ ತಡೆ ಎಂದು ವಿಷಯ ಕೊಟ್ಟರು. ಕಥೆ, ಕವನ, ಲೇಖನ ಸೇರಿ ಐವತ್ತು ಸಾವಿರ ದಾಟಿತು. ನನ್ನ ಬೆನ್ನು ಬಗ್ಗಿತು. ಅದರಲ್ಲಿ ಒಳ್ಳೆಯವೂ ಇದ್ದವು. ಕೈತೊಳೆಯಲು ಹೇಳುವ ಕವನಗಳನ್ನು ಓದಿ ಓದಿ ಕೈಯಿಲ್ಲದ ನಾನೂ ಕೈ ತೊಳೆದುಕೊಳ್ಳುವ ಹಾಗಾಯಿತು. ಆದರೆ ಸಹಯೋಗ ಎನ್ನಬೇಡಿ. ಒಂದು ಮಗುವಿನ ಕವನಕ್ಕೆ ಇನ್ನೊಂದು ಮಗು ಕೈ ಹಾಕಲಿಲ್ಲ, ‘ಈ ಸಾಲು ಯಾಕೆ?’ ಎಂದು ಕೇಳಲಿಲ್ಲ. ಪಕ್ಕಪಕ್ಕ ಕೂತು ಪರೀಕ್ಷೆ ಬರೆದರೆ ಅದು ಗುಂಪು ಚಟುವಟಿಕೆಯೇ?

*ಒಳ್ಳೆಯ ಪುಟಕ್ಕೆ ಪ್ರಶಸ್ತಿಯೂ ಇದೆಯಂತೆ.*

ಕೆ. ಶಬರೀಶ್ ಸ್ಮಾರಕ ಪುರಸ್ಕಾರ. ನಮ್ಮನ್ನೆಲ್ಲ ಸಾಕಿದ ಮಾಷ್ಟ್ರ ನೆನಪಿನದು, ಅದರ ಬಗ್ಗೆ ಹಗುರ ಮಾತು ಬೇಡ. 2022ರಲ್ಲಿ ರಾಜ್ಯದ ಮೊದಲ ಬಹುಮಾನ ಒಂದೂವರೆ ಲಕ್ಷ ರೂಪಾಯಿ. ಬಹುಮಾನ ಎಂದರೆ ಪುಟಕ್ಕೆ ಜೀವ ಬರುತ್ತದೆ, ಕಡೇ ದಿನಾಂಕದ ಹಿಂದಿನ ರಾತ್ರಿ ಅಂತೂ ವಿಪರೀತ ಜೀವ. ಅಲ್ಲಿಯವರೆಗೆ ‘ಹಿಂದಿನ ಸಾರಥಿಗಳು’ ಎಂಬ ತಲೆಬರಹದ ಕೆಳಗೆ ಹಿಂದಿನ ಹೆಡ್‌ಮಾಷ್ಟ್ರೇ ಇರುವುದಿಲ್ಲ.

*ಪುಟಗಳಲ್ಲಿ ಏನಿರುತ್ತದೆ?*

ಎಲ್ಲ ಕಡೆ ಇರುವುದೇ ಎಲ್ಲ ಕಡೆ ಇರುತ್ತದೆ. ಈ ಎಡಪ್ಪಳ್ಳಿಯನ್ನೇ ತೆಗೆದುಕೊಳ್ಳಿ. 1911ರಲ್ಲಿ ಕವಿ ಚಂಙಂಪುಳ ಕೃಷ್ಣ ಪಿಳ್ಳೆ ಹುಟ್ಟಿದ ಊರು. ಊರಿನ ಬಗ್ಗೆ ಬರೆಯಿರಿ ಅಂದರೆ ಕಂಪ್ಯೂಟರಿನ ಮುಂದೆ ಕೂತವರು ಮೊದಲು ಹುಡುಕಿ ಅಂಟಿಸುವುದು ಅದನ್ನೇ. ಅದು ವಿಶ್ವಕೋಶದಲ್ಲಿ ಆಗಲೇ ಉಂಟು. ಗೇಟಿನ ಹೊರಗೆ ಉಪ್ಪಿಗೆ ಹಾಕಿದ ನೆಲ್ಲಿಕಾಯಿ ಮಾರುವ ಅಜ್ಜಿಯ ಬಗ್ಗೆ ಯಾವ ವಿಶ್ವಕೋಶವೂ ಬರೆಯುವುದಿಲ್ಲ. ಅದು ಗೊತ್ತಿರುವುದು ಮಕ್ಕಳಿಗೆ ಮಾತ್ರ, ಅವರನ್ನು ಯಾರೂ ಕೇಳುವುದಿಲ್ಲ.

*ಅಂಟಿಸುವ ಚಾಳಿ ಕೇರಳದ್ದು ಮಾತ್ರವೇ?*

ಛೆ, ಇಲ್ಲ. 2011ರಲ್ಲಿ ಪುಣೆಯ ಕಾಲೇಜುಗಳಲ್ಲಿ ವಿಕಿಪೀಡಿಯದ ಶಿಕ್ಷಣ ಯೋಜನೆಯೊಂದು ನಡೆಯಿತು. ವಿದ್ಯಾರ್ಥಿಗಳು ಬರೆದದ್ದಕ್ಕೆ ಅಂಕ. ಅವರು ಪುಸ್ತಕದಿಂದ, ಜಾಲದಿಂದ ಎತ್ತಿ ಎತ್ತಿ ಸುರಿದರು. ಕೃತಿಸ್ವಾಮ್ಯದ ರಗಳೆಯಾಗಿ ಅದೇ ವರ್ಷ ನಿಲ್ಲಿಸಬೇಕಾಯಿತು. ಗುಡಿಸಿ ಸಾರಿಸುವ ಕೆಲಸ ಸಂಬಳವಿಲ್ಲದ ಸ್ವಯಂಸೇವಕರ ಪಾಲಿಗೆ. ಅಲ್ಲಿಯ ನನ್ನ ಅಣ್ಣ, ಇಂಗ್ಲಿಷ್ ವಿಕಿಪೀಡಿಯದ ಇತಿಹಾಸ, ಒಂದೊಂದು ಹೆಸರಿನ ಮುಂದೆಯೂ ಕದ್ದ ಮಾಲು ತೋರಿಸಿದ. ನೋಡಿ, ಅಲ್ಲಿ ಕಳ್ಳನಿಗಾದರೂ ಹೆಸರಿತ್ತು. ಆಮೇಲೆ ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ ಕನ್ನಡ ಓದುವ ಹುಡುಗರಿಂದ ಕನ್ನಡ ವಿಕಿಪೀಡಿಯಕ್ಕೆ ಬರೆಸಿದರು. ಅಲ್ಲಿ ತಿದ್ದಲು ಹಳೆಯ ಸಂಪಾದಕರಿದ್ದಾರೆ, ಬೈಯಲೂ ಇದ್ದಾರೆ. ಬೈಯುವವರಿದ್ದರೆ ಕಲಿಯಬಹುದು.

*ಗೂಗಲ್ ಡಾಕ್ಸಿನಲ್ಲಿಯೂ ನಿಮ್ಮ ನೆಂಟರಿದ್ದಾರಲ್ಲ?*

ಇದ್ದಾರೆ, ದುಃಖದಲ್ಲಿದ್ದಾರೆ. ನಾಲ್ವರ ಗುಂಪು, ನಾಲ್ಕು ಬಣ್ಣದ ಕರ್ಸರು. ಒಂದು ಓಡುತ್ತದೆ, ಮೂರು ಮಿಣುಕುತ್ತವೆ. ಅಂಕ ನಾಲ್ವರಿಗೂ ಸಮ.

*ಹೀಗೆಲ್ಲ ಹೇಳಿದರೆ ಟೀಚರುಗಳಿಗೆ ಬೇಸರವಾಗುತ್ತದೆ.*

ಅವರ ಮೇಲೆ ನನ್ನ ಸಿಟ್ಟಿಲ್ಲ. ನೋಟ್ಸು, ಸರ್ವೆ, ಬಿಸಿಯೂಟದ ಲೆಕ್ಕ, ಅದರ ಮೇಲೆ ನಾನು. ಮಕ್ಕಳ ಕೈಗೆ ಕೊಟ್ಟು ತಪ್ಪಾದರೆ ಮೇಲಿನವರ ಫೋನ್ ಬರುವುದು ಅವರಿಗೇ. ತಾವೇ ಟೈಪ್ ಮಾಡುವುದು ಸಲೀಸು.

*ನೀವು ಕಂಡ ಒಂದು ಒಳ್ಳೆಯ ತಿದ್ದುಪಡಿ?*

(ಸ್ವಲ್ಪ ಹೊತ್ತು ಲೋಡ್ ಆಗುತ್ತದೆ.) ಒಂದು ಶಾಲೆ, ಹೆಸರು ಬೇಡ. ಸ್ಥಾಪನೆಯ ಇಸವಿಯನ್ನು ಯಾರೋ ಬದಲಾಯಿಸಿದರು. ಲಾಗಿನ್ ಶಾಲೆಯದೇ ನಂಬರು. ಆದರೆ ‘ಕಾರಣ’ದ ಡಬ್ಬಿಯಲ್ಲಿ ‘ಅಜ್ಜ ಹೇಳಿದ್ದು’ ಎಂದಿತ್ತು. ಹೆಡ್‌ಮಾಷ್ಟ್ರಿಗೆ ಅಜ್ಜ ಬದುಕಿರುವ ವಯಸ್ಸಲ್ಲ. ಹಾಗಾಗಿ ಅದು ಮಗುವೇ. ನನಗಾದ ಸಂತೋಷ ನಿಮಗೆ ಹೇಳಿದರೆ ತಿಳಿಯದು. ಅಷ್ಟು ಸಾವಿರ ತಿದ್ದುಪಡಿಗಳಲ್ಲಿ ಕಾರಣ ಬರೆದದ್ದೇ ಅಪರೂಪ, ಅದರಲ್ಲೂ ಸಾಕ್ಷಿ ಸಮೇತ! ಮೂರೇ ನಿಮಿಷದಲ್ಲಿ ಹಳೆಯ ಇಸವಿ ವಾಪಸ್ ಬಂತು. ಈ ಸಲ ಕಾರಣದ ಡಬ್ಬಿ ಖಾಲಿ. ಪಕ್ಕದ ‘ಸಂವಾದ’ ಪುಟವೂ ಖಾಲಿ. ಅಜ್ಜನದು ಸರಿಯೋ, ಮಾಷ್ಟ್ರದು ಸರಿಯೋ ನಾನರಿಯೆ. ದಾಖಲಾತಿ ಪುಸ್ತಕ ತೆಗೆದು, ಅಜ್ಜನನ್ನು ಶಾಲೆಗೆ ಕರೆದು, ನಾಲ್ಕು ಮಕ್ಕಳು ಜಗಳವಾಡಿದ್ದರೆ ಒಂದು ವಾರದ ಸಮಾಜ ಪಾಠ ಮುಗಿಯುತ್ತಿತ್ತು.

*ಅಂದರೆ ಜಗಳ ಬೇಕು ಎನ್ನುತ್ತೀರಿ.*

1995ರಲ್ಲಿ ವಾರ್ಡ್ ಕನ್ನಿಂಗ್‌ಹ್ಯಾಮ್ ಮೊದಲ ವಿಕಿಯನ್ನು ತೆರೆದದ್ದೇ ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದಲಿ ಎಂದು. ಹೆಡ್‌ಮಾಷ್ಟ್ರು ಬರೆದದ್ದನ್ನು ಏಳನೇ ಕ್ಲಾಸಿನವ ತಿದ್ದಲು ಬಿಡದ ಕಡೆ ವಿಕಿ ಯಾಕೆ? ನೋಟೀಸ್ ಬೋರ್ಡು ಸಾಕು, ಕರೆಂಟೂ ಬೇಡ.

*ಓದುಗರಿಗೆ ಏನಾದರೂ?*

ನಿಮ್ಮೂರ ಶಾಲೆಯ ಪುಟ ತೆರೆದು ನೋಡಿ. ತಪ್ಪು ಕಂಡರೆ ಮಾಷ್ಟ್ರಿಗೆ ಫೋನ್ ಮಾಡಬೇಡಿ, ಮಕ್ಕಳಿಗೆ ಹೇಳಿ. ತಿದ್ದುವಾಗ ಕಾರಣ ಬರೆಯಲು ಹೇಳಿ. ನಿಮ್ಮ ಮನೆಯಲ್ಲಿ ಅಜ್ಜ ಇದ್ದರೆ ಅವರನ್ನೂ ಸ್ವಲ್ಪ ಶಾಲೆ ಕಡೆ ಕಳಿಸಿಕೊಡಿ.