ಪಕ್ಕದಲ್ಲೊಂದು ಹುಬ್ಬಳ್ಳಿ ಇರಬೇಕು

ವಿದ್ಯಾರ್ಥಿಗಳ ಊರು ಅನ್ನಿಸಿಕೊಳ್ಳಲು ಏನೇನು ಬೇಕು ಎಂದು ಯಾರನ್ನಾದರೂ ಕೇಳಿ. ವಿಶ್ವವಿದ್ಯಾಲಯ, ಗ್ರಂಥಾಲಯ, ತಂಪು ಹವೆ ಎಂದು ಬೆರಳು ಮಡಚತೊಡಗುತ್ತಾರೆ. ಬಿ.ಎ. ಓದಲು ಧಾರವಾಡಕ್ಕೆ ಬಂದು ಇಲ್ಲೇ ಉಳಿದುಬಿಟ್ಟ ನನ್ನ ಪ್ರಕಾರ ಮೊಟ್ಟಮೊದಲು ಬೇಕಾದದ್ದು ಪಕ್ಕದಲ್ಲೊಂದು ಹುಬ್ಬಳ್ಳಿ. ಗಳಿಸುವ ಉಸಾಬರಿಯನ್ನೆಲ್ಲ 20 ಕಿಲೋಮೀಟರ್ ಆಚೆಯ ಊರು ವಹಿಸಿಕೊಂಡರೆ ಈ ಊರಿಗೆ ಕಟ್ಟೆಯ ಮೇಲೆ ಕೂತು ವಾದ ಮಾಡಲು ಪುರುಸೊತ್ತು ಸಿಗುತ್ತದೆ.

ಇದಕ್ಕೆ ಇತಿಹಾಸದ ಆಧಾರವೂ ಉಂಟು. ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿ ಒಂದು ಕಾಲಕ್ಕೆ ಧಾರವಾಡದಲ್ಲಿತ್ತು. 1908ರಲ್ಲಿ ಆ ಕಂಪನಿ ಮದ್ರಾಸ್ ರೈಲ್ವೆಯ ಜೊತೆ ಸೇರಿದ ಮೇಲೆ ಸಾಹೇಬರು ಗಂಟುಮೂಟೆ ಕಟ್ಟಿ ಮದ್ರಾಸಿಗೆ ಹೋದರು. ಬೇರೆ ಊರಾಗಿದ್ದರೆ ಎದೆ ಬಡಿದುಕೊಳ್ಳುತ್ತಿತ್ತು. ಧಾರವಾಡ 1917ರಲ್ಲಿ ಕರ್ನಾಟಕ ಕಾಲೇಜು ಶುರುಮಾಡಿ, ಮುಂದೆ ಅದನ್ನು ಸಾಹೇಬರು ಬಿಟ್ಟುಹೋದ ಭವ್ಯ ಕಟ್ಟಡಕ್ಕೇ ತಂದು ಕೂರಿಸಿತು. ಈಗಲೂ ಅಲ್ಲಿ ಕೆಲವು ಹುಡುಗರು ಹಳೆಯ ರೈಲಿನಷ್ಟೇ ತಡವಾಗಿ ತಲುಪುತ್ತಾರೆ. ರೈಲ್ವೆಯ ವಲಯ ಕಚೇರಿ ಕೊನೆಗೂ ಈ ಕಡೆ ಬಂದಾಗ ಇಳಿದದ್ದು ಹುಬ್ಬಳ್ಳಿಯಲ್ಲಿ. ಬರಲಿ, ಅವರಿಗೇ ಇರಲಿ. ಇನ್ನು ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಹುಟ್ಟಿದ್ದು ಮುಂಬೈಯಲ್ಲಿ; ಮರುವರ್ಷವೇ ಧಾರವಾಡದ ಹಾದಿ ಹಿಡಿಯಿತು. ಮುಂಬೈಯಲ್ಲಿ ಪುರುಸೊತ್ತು ಎಲ್ಲಿಂದ ಬರಬೇಕು?

ಎರಡನೆಯದಾಗಿ ಬೇಕಾದದ್ದು ಖಾನಾವಳಿ. ಸಪ್ತಾಪುರದಲ್ಲಿ ನಾನು ಊಟಕ್ಕೆ ಹೋಗುವ ಖಾನಾವಳಿಯ ಅಕ್ಕಾರು ಹುಡುಗರ ಹೆಸರು ನೆನಪಿಟ್ಟುಕೊಳ್ಳುವುದಿಲ್ಲ, ಪರೀಕ್ಷೆ ನೆನಪಿಟ್ಟುಕೊಳ್ಳುತ್ತಾರೆ. “ಆ ಪಿಎಸ್‌ಐಗೆ ಎಣಗಾಯಿ ಹಾಕು. ಎಫ್‌ಡಿಎ ಕೈ ತೊಳ್ಕೊಂಡು ಎದ್ದ ನೋಡು, ತಾಟು ತಗಿ.” ಹೀಗೆ ಸರ್ಕಾರದ ಅರ್ಧ ಇಲಾಖೆಗಳು ಅಲ್ಲಿ ದಿನವೂ ಪಂಕ್ತಿಯಲ್ಲಿ ಕೂತು ರೊಟ್ಟಿ ಮುರಿಯುತ್ತಿರುತ್ತವೆ. ಒಂದು ಸಲ ನನ್ನ ಪಕ್ಕ ಕೂತಿದ್ದ ಹುಡುಗನನ್ನು ಕೇಳಿದರು:

“ತಮ್ಮಾ, ನಿಂದ ಕೆಎಎಸ್ ಏನಾತು?”

“ಪ್ರಿಲಿಮ್ಸ್‌ನ್ಯಾಗ ಹೋತ್ರಿ, ಅಕ್ಕಾರ.”

“ಹೋದ್ರ ಹೋಗ್ಲಿ ಬಿಡು. ಶೇಂಗಾ ಚಟ್ನಿ ಮ್ಯಾಲೆ ಮೊಸರ ಹಾಕ್ಕೋ.”

ಅವರ ಉದ್ರಿ ಪುಸ್ತಕದ ನಿಯಮ ಯಾವ ಬ್ಯಾಂಕಿನವರಿಗೂ ಅರ್ಥವಾಗಲಿಕ್ಕಿಲ್ಲ. ಪಾಸಾದವನ ಬಾಕಿಯನ್ನು ಆ ಸಂಜೆಯೇ ವಸೂಲು ಮಾಡುತ್ತಾರೆ. ಫೇಲಾದವನಿಗೆ ಮುಂದಿನ ಅಧಿಸೂಚನೆ ಬರುವತನಕ ಬಾಕಿಯ ಮಾತೇ ಎತ್ತುವುದಿಲ್ಲ. ನಮ್ಮಲ್ಲಿ ಅಧಿಸೂಚನೆಗಳು ಹೊರಡುವ ವೇಗ ಬಲ್ಲವರಿಗೆ ಇದು ಎಂಥ ಔದಾರ್ಯ ಎಂದು ಗೊತ್ತಾಗುತ್ತದೆ.

ಎದುರಿಗಿರುವ ಝೆರಾಕ್ಸ್ ಅಂಗಡಿಯವನು ಇನ್ನೂ ಒಂದು ಕೈ ಮೇಲು. ನೋಟ್ಸ್ ಕೊಟ್ಟರೆ ಮೊದಲು ತಿರುವಿ ಓದುತ್ತಾನೆ. “ಇದು ಹಳೇ ಸಿಲೆಬಸ್ ಐತ್ರೀ ಸರ, ಸುಮ್ನ ರೊಕ್ಕ ಯಾಕ ಹಾಳ ಮಾಡ್ತೀರಿ?” ಎಂದು ಕಾಗದಗಳನ್ನು ವಾಪಸು ಕೊಟ್ಟದ್ದನ್ನು ನಾನೇ ಕಂಡಿದ್ದೇನೆ. ಇಂಥವನು ಹುಬ್ಬಳ್ಳಿಯಲ್ಲಿ ಅಂಗಡಿ ಹಾಕಿದರೆ ವಾರದಲ್ಲಿ ಬಾಗಿಲು ಮುಚ್ಚಬೇಕಾದೀತು.

ಇದೇ ಸಪ್ತಾಪುರದಲ್ಲಿ ಮಿಚಿಗನ್ ಕಾಂಪೌಂಡ್ ಎಂಬ ಜಾಗವಿದೆ. ಹುಡುಗ ಅಲ್ಲೊಂದು ಖೋಲಿ ಹಿಡಿದರೆ ಸಾಕು, “ನಮ್ಮಂವ ಮಿಚಿಗನ್‌ನ್ಯಾಗ ಅದಾನ” ಎಂದು ಅಪ್ಪ ಊರ ಕಟ್ಟೆಯಲ್ಲಿ ಹೇಳಬಹುದು. ಸುಳ್ಳೂ ಆಗುವುದಿಲ್ಲ, ವೀಸಾದ ಖರ್ಚೂ ಇಲ್ಲ. ನಿಜವಾದ ಮಿಚಿಗನ್‌ನಲ್ಲಿಯೂ ಆ್ಯನ್ ಆರ್ಬರ್ ಎಂಬ ಹೆಸರಾಂತ ವಿಶ್ವವಿದ್ಯಾಲಯದ ಊರಿದೆ. ಅದರ ಆಚೆ ಕಾರು ಮಾಡಿ ಗಳಿಸಿದ ಊರು ಡೆಟ್ರಾಯಿಟ್. ನೋಡಿ, ಅಲ್ಲಿಯೂ ಒಂದು ಹುಬ್ಬಳ್ಳಿ!

ಮತ್ತೆ, ಓದಲು ಬಂದವರನ್ನು ದಾರಿ ತಪ್ಪಿಸುವ ಒಂದೆರಡು ಜಾಗಗಳೂ ಇರಬೇಕು. ಗಿರೀಶ ಕಾರ್ನಾಡರು ಕರ್ನಾಟಕ ಕಾಲೇಜಿನಲ್ಲಿ ಪದವಿ ಪಡೆದದ್ದು ಗಣಿತ ಮತ್ತು ಸಂಖ್ಯಾಶಾಸ್ತ್ರದಲ್ಲಿ. ಆದರೆ ಸುಭಾಸ ರಸ್ತೆಯಲ್ಲಿ ಮನೋಹರ ಗ್ರಂಥಮಾಲೆಯ ಅಟ್ಟವಿತ್ತು. ಅವರ ‘ಯಯಾತಿ’ 1961ರಲ್ಲಿ ಹೊರಬಂದದ್ದು ಅದೇ ಗ್ರಂಥಮಾಲೆಯಿಂದ. ಕನ್ನಡಕ್ಕೆ ಲಾಭವಾಯಿತು, ಸಂಖ್ಯಾಶಾಸ್ತ್ರದವರು ಅಟ್ಟದ ಮೇಲೆ ದೂರು ಕೊಟ್ಟದ್ದು ನನಗಂತೂ ಗೊತ್ತಿಲ್ಲ. ಹಾಜರಿ ಪುಸ್ತಕ ಇಟ್ಟುಕೊಂಡು ಇಂಥ ಕೆಲಸ ಮಾಡಿಸಲಾಗುವುದಿಲ್ಲ.

ಈಚೆಗೆ ಕೆಲವರು ಧಾರವಾಡಕ್ಕೂ ದೊಡ್ಡ ದೊಡ್ಡ ಮಾಲು, ಕಾರ್ಖಾನೆ ಬರಬೇಕು ಎನ್ನುತ್ತಿದ್ದಾರೆ. ಅವರಲ್ಲಿ ನನ್ನದೊಂದು ಬಿನ್ನಹ: ದಯವಿಟ್ಟು ಚಿಗರಿ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋಗಿ ಬನ್ನಿ. ಈ ಜೂನಿನಲ್ಲಿ ಮಕ್ಕಳನ್ನು ಇಲ್ಲಿಗೆ ಕಳಿಸುವವರು ಕಾಲೇಜಿಗಿಂತ ಮೊದಲು ಖಾನಾವಳಿ ನೋಡಿಕೊಳ್ಳಿ, ಕೈಯಲ್ಲೊಂದು ಗಟ್ಟಿ ಕೊಡೆ ಕೊಡಿ. ಹುಬ್ಬಳ್ಳಿಯಲ್ಲಿ ಬಿಸಿಲಿದ್ದಾಗಲೂ ಇಲ್ಲಿ ಜಿಟಿಜಿಟಿ ಹಿಡಿದಿರುತ್ತದೆ.